ಬೋಟಿನ ಬಗಲಿಗೊಂದು ಬಾಗಿಲು

ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಕಾಸರಕೋಡು ಬದಿಗೆ ಬಂದು, ಹೆದ್ದಾರಿ ಬಿಟ್ಟು ಹೊಳೆಯ ಕಡೆ ತಿರುಗಿದರೆ ಕೆಸರು ದಾರಿ. ಅದು ಮುಗಿಯುವಲ್ಲಿ ನಾಲ್ಕು ಕಂಬದ ಮೇಲೊಂದು ತಗಡಿನ ಮಾಡು, ಮಳೆ ಹೊಡೆಯುವ ದಿಕ್ಕಿಗೆ ನೀಲಿ ತಾಡಪತ್ರಿ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಬೋಟುಗಳು ದಡ ಹತ್ತುವುದು ಆಗ, ಮೇಸ್ತ್ರಿಗಳಿಗೆ ಊಟಕ್ಕೆ ಪುರಸೊತ್ತಿಲ್ಲದ ಕಾಲವೂ ಅದೇ. ನಾನು ಹೋದ ದಿನ ಕೊಡೆ ಮಡಚುವ ಮೊದಲೇ ಮೂಗಿಗೆ ಅಡರಿದ್ದು ರೆಸಿನ್ ವಾಸನೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ನಿಗೂ ಉಗುರುಬಣ್ಣಕ್ಕೂ ನಡುವಿನದು.

ಮಾಡಿನ ಕೆಳಗೆ ಹಳೆ ಟೈರುಗಳ ಮೇಲೆ ಕೂತಿತ್ತು 28 ಅಡಿಯ ಫೈಬರ್ ಬೋಟು. ಹತ್ತು ಹದಿನೈದು ವರ್ಷ ಬಲೆ ಹೊತ್ತು ದುಡಿದದ್ದು. ಈಗ ಕೊಂಡವರು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ನವರನ್ನು ಕರೆದೊಯ್ಯುವ ಹುಡುಗರು. ಬಣ್ಣ ಹೊಸದಾಗಿ ಬಳಿದಾಗಿದೆ, ಇಂಜಿನ್ ಚೆನ್ನಾಗಿದೆ. ಊನವಿರುವುದು ಒಂದೇ: ಬೋಟಿನಿಂದ ನೀರಿಗೆ ಬೀಳುವುದು ಸುಲಭ, ನೀರಿನಿಂದ ಬೋಟಿಗೆ ಬರುವುದು ಕಷ್ಟ.

ಇದರ ಅನುಭವ ನನ್ನ ಎಡ ಮೊಣಕಾಲಿಗಿದೆ. ಎರಡು ವರ್ಷದ ಹಿಂದೆ ನೇತ್ರಾಣಿಯ ಹತ್ತಿರ ಇಂಥದ್ದೇ ಬೋಟಿನಿಂದ ಇಳಿದು, ಅರ್ಧ ಗಂಟೆ ಬಣ್ಣದ ಮೀನು ನೋಡಿ, ತೃಪ್ತಿಯಿಂದ ವಾಪಸು ಬಂದೆ. ಮೇಲಿಂದ ಹಗ್ಗದ ಏಣಿ ಬಿಟ್ಟರು. ಕಾಲಿಟ್ಟ ಕೂಡಲೇ ಏಣಿ ಬೋಟಿನ ಅಡಿಗೆ ನುಸುಳಿತು, ಕಾಲೂ ಅದರ ಜೊತೆ ಹೋಯಿತು, ನಾನು ಆಕಾಶ ನೋಡುತ್ತ ತೂಗಿದೆ. ಎದೆಯ ಮೇಲಿನ ಲೈಫ್ ಜಾಕೆಟ್ಟು ನನ್ನನ್ನೂ ಬೋಟನ್ನೂ ಹತ್ತಿರವಾಗಲು ಬಿಡಲಿಲ್ಲ. ಕೊನೆಗೆ ಇಬ್ಬರು ಕಲಾಸಿಗಳು ಭುಜದ ಪಟ್ಟಿ ಹಿಡಿದು, ತೊರಕೆ ಮೀನು ಎಳೆದು ಹಾಕಿದ ಹಾಗೆ ಒಳಗೆ ಹಾಕಿದರು. ಮೊಣಕಾಲಿನ ಚರ್ಮ ಬೋಟಿನ ಅಂಚಿಗೆ ಹೋಯಿತು. ದಡದಿಂದ ಸುಮಾರು 19 ಕಿಲೋಮೀಟರ್ ದೂರ ಹೋಗಿ ಕಂಡದ್ದರಲ್ಲಿ ಈಗಲೂ ಸ್ಪಷ್ಟವಾಗಿ ನೆನಪಿರುವುದು ಆ ಅಂಚು.

"ಅಂಚು ಎತ್ತರ ಇರೋದು ತೆರೆ ಒಳಗೆ ಬರಬಾರದು ಅಂತ. ಮೀನಿಗೆ ಹೋಗುವವರಿಗೆ ಅದೇ ಬೇಕು. ಇವರಿಗೆ ಅದೇ ಬೇಡ," ಎಂದರು ಮೇಸ್ತ್ರಿ, ಬೀಡಿಯನ್ನು ರೆಸಿನ್ ಡಬ್ಬದಿಂದ ದೂರ ಹೋಗಿ ಹಚ್ಚುತ್ತ.

ಬೋಟನ್ನು ದಡಕ್ಕೆ ಎಳೆಯುವ ಮೊದಲೇ ಅವರು ಒಂದು ಕೆಲಸ ಮಾಡಿ ಮುಗಿಸಿದ್ದರು. ಹೊಳೆಯಲ್ಲಿ ನಿಲ್ಲಿಸಿ, ಮರಳಿನ ಚೀಲ ತುಂಬಿ, ಊರ ಹುಡುಗರನ್ನು ಹತ್ತಿಸಿ, ತೇಲುವ ಬೋಟಿನ ಸುತ್ತ ನೀರು ಮುಟ್ಟಿದಲ್ಲೆಲ್ಲ ಗೀಟು ಹಾಕಿದ್ದರು. ಡೈವಿಂಗ್ ಸಿಲಿಂಡರ್ ಒಂದೊಂದೂ 14 ಕಿಲೋ ಆಸುಪಾಸು ತೂಗುತ್ತದೆ, ಜೊತೆಗೆ ಸೊಂಟಕ್ಕೆ ಸೀಸದ ಕಟ್ಟು. ಖಾಲಿ ಬೋಟಿನಲ್ಲಿ ಅಳತೆ ತೆಗೆದು ಬಾಗಿಲು ಕೊರೆದರೆ, ತುಂಬಿದ ದಿನ ಹೊಸ್ತಿಲು ನೀರಿಗೆ ಮುಟ್ಟುತ್ತದೆ. ಆ ಗೀಟಿನಿಂದ 10 ಇಂಚು ಮೇಲೆ ಹೊಸ್ತಿಲು, ಎರಡಡಿ ಅಗಲ. ಜಾಗ ಹಿಂಬದಿಯಲ್ಲಲ್ಲ, ಬಗಲಲ್ಲಿ. ಹಿಂದೆ ಇಂಜಿನ್ ನೇತಾಡುತ್ತದೆ, ಅದರ ಫ್ಯಾನು ತಿರುಗುವ ಜಾಗಕ್ಕೆ ಯಾರ ಕಾಲೂ ಹೋಗಬಾರದು. ಹೊಗೆಯೂ ಅಲ್ಲೇ ಬೀಳುತ್ತದೆ. ಬಗಲಲ್ಲಿದ್ದರೂ ಜನ ನೀರಲ್ಲಿರುವಾಗ ಇಂಜಿನ್ ಬಂದ್ ಎನ್ನುವುದು ಬಿಡುವ ಹಾಗಿಲ್ಲ.

ನಾನು ಹೋದಾಗ ಕೊರೆದು ಎರಡು ದಿನವಾಗಿತ್ತು. ಅಂಚಿನೊಳಗಿನ ಮರ ಹೊರಗೆ ಕಾಣುತ್ತಿತ್ತು, ಮರ ಎನ್ನುವ ಹಾಗಿರಲಿಲ್ಲ. ಮೇಸ್ತ್ರಿ ಉಳಿಯ ತುದಿಯಿಂದ ಒತ್ತಿದರು: ನೆನೆದ ಬೆಲ್ಲದ ಹಾಗೆ ಒಳಗೆ ಹೋಯಿತು, ಕಪ್ಪು ನೀರು ಜಿನುಗಿತು. ಹಿಂದಿನವರು ಬಲೆ ಕಟ್ಟಲು ಹೊಡೆದ ಸ್ಕ್ರೂಗಳ ತೂತಿನಿಂದ ವರ್ಷಗಟ್ಟಲೆ ಇಳಿದ ನೀರದು. ಹೊರಗೆ ಫೈಬರ್ ಹೊಳೆಯುತ್ತಿದ್ದರೆ ಒಳಗಿನ ಕಥೆ ಯಾರಿಗೂ ಗೊತ್ತಾಗುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಅವರು ಅಂಚಿನುದ್ದಕ್ಕೂ ತಟ್ಟುತ್ತ ನಡೆದರು. ಟಣ್, ಟಣ್, ಟಣ್, ಡಬ್. "ಇಲ್ಲಿ ತನಕ." ಪೆನ್ಸಿಲಿನಿಂದ ಗುರುತು. ಎರಡಡಿ ಬಾಗಿಲಿಗೆ ಬಂದ ಕೆಲಸ ಆರಡಿ ಅಂಚಿಗೆ ಬೆಳೆದಿತ್ತು. ಕೊಂಡ ಹುಡುಗ ಮೊಬೈಲಿನಲ್ಲಿ ಏನೋ ಲೆಕ್ಕ ಮಾಡಿ, ಅದನ್ನು ಜೇಬಿಗಿಟ್ಟು, ಹೊಳೆ ನೋಡುತ್ತ ನಿಂತ.

ಬಾಗಿಲಿಗೆ ಕದ ಯಾವ ಬಗೆಯದು ಎನ್ನುವುದರಲ್ಲಿ ಜಗಳವಾಗಿತ್ತಂತೆ. ಹುಡುಗರಿಗೆ ಕೀಲಿನ ಕದ ಬೇಕಿತ್ತು, ಫೋಟೊಕ್ಕೆ ಚೆಂದ. ಒಳಗೆ ತೆರೆಯುವ ಕದವನ್ನು ತೆರೆ ದೂಡುತ್ತದೆ, ಹೊರಗೆ ತೆರೆಯುವುದು ಚಿಲಕ ಕಳಚಿದರೆ ನೀರು ಗೋರಿಕೊಂಡು ಕಿತ್ತು ಹೋಗುತ್ತದೆ ಎಂದು ಮೇಸ್ತ್ರಿ ಒಪ್ಪಲಿಲ್ಲ. ಅವರು ಮಾಡಿದ್ದು ಹಳೆ ದಿನಸಿ ಅಂಗಡಿಗಳ ಹಲಗೆ ಬಾಗಿಲಿನ ಉಪಾಯ: ಎರಡು ಬದಿಗೂ ಕಚ್ಚು, ಮೇಲಿನಿಂದ ಜಾರಿಸಿ ಇಳಿಸುವ ಫೈಬರ್ ಹಲಗೆ. ಕತ್ತರಿಸಿದ ಅಂಚಿನ ಎರಡು ತುದಿಗಳನ್ನು ಜೋಡಿಸಿ ಹಿಡಿಯಲು ಮೇಲೊಂದು ಸ್ಟೀಲ್ ಸರಳು. ಬೋಟಿನ ಅಂಚು ಬುಟ್ಟಿಯ ಬಾಯಿಪಟ್ಟಿ ಇದ್ದ ಹಾಗೆ, ಒಂದು ಕಡೆ ಕಡಿದರೆ ಇಡೀ ಬುಟ್ಟಿ ಸಡಿಲ. ನನಗೆ ಕೀಲಿನ ಕದಕ್ಕಿಂತ ಇದೇ ಚೆಂದ ಕಂಡಿತು, ಆದರೆ ಕಿಸೆ ನನ್ನದಲ್ಲ.

ಏಣಿ ಮೂಲೆಯಲ್ಲಿ ಒರಗಿತ್ತು. ಎರಡು ಕಂಬದ ಏಣಿಯಲ್ಲ, ನಡುವೆ ಒಂದೇ ಕೊಳವೆ, ಎರಡೂ ಬದಿಗೆ ಮೀನಿನ ಮುಳ್ಳಿನ ಹಾಗೆ ಅಡ್ಡ ಮೆಟ್ಟಿಲು. ಕಾಲಿಗೆ ಕಟ್ಟಿದ ಫಿನ್ ಬಿಚ್ಚದೆ ಪಕ್ಕದಿಂದ ಪಾದ ಇಡಬಹುದು. ಇದು ನೇರ ನಿಲ್ಲುವುದಿಲ್ಲ, ಬುಡ ಬೋಟಿನಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ. ನನ್ನ ಮೊಣಕಾಲು ಕೇಳಿದ್ದೂ ಇಷ್ಟನ್ನೇ. ಕೊನೆಯ ಮೆಟ್ಟಿಲು ನೀರಿನೊಳಗೆ ಕನಿಷ್ಠ 22 ಇಂಚು ಇಳಿದಿರಬೇಕು ಎಂದು ಅಮೆರಿಕದ ಬೋಟು ಮಾನದಂಡ ಹೇಳುತ್ತದೆ. ಮೇಸ್ತ್ರಿ ಅದನ್ನು ಓದಿದವರಲ್ಲ. ತೇಲುವ ಮನುಷ್ಯ ಮೊಣಕಾಲು ಎತ್ತಿದರೆ ಹೆಜ್ಜೆ ಸಿಗಬೇಕು ಎಂದು ಮೂರು ಮೆಟ್ಟಿಲು ನೀರಿಗೆ ಬಿಟ್ಟಿದ್ದರು, ಅಳತೆ 30 ಇಂಚು ಬಂತು. ಸ್ಟೀಲು 316 ನಂಬರಿನದು. 304 ಸೋವಿ, ಆದರೆ ಉಪ್ಪು ಗಾಳಿಗೆ ಬೇಗ ಕಂದು ಕಲೆ ಬೀಳುತ್ತದೆ.

ತೊಡಕು ಮಾಡಿದ್ದು ಮಳೆ. ಫೈಬರ್ ಮ್ಯಾಟ್ ಹಾಸಿ ರೆಸಿನ್ ಬಳಿಯಲು ಒಣ ಗಾಳಿ ಬೇಕು, ತೇವ ಕೂತರೆ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬೋಟು ಕೈಗೆ ಸಿಗುವುದೋ ಮಳೆಗಾಲದಲ್ಲೇ. ತಾಡಪತ್ರಿಯೊಳಗೆ ಎರಡು ದೊಡ್ಡ ಬಲ್ಬು ಉರಿಸಿ, ಮರಿ ಕೋಳಿಗೆ ಕಾವು ಕೊಟ್ಟ ಹಾಗೆ ಬೋಟಿಗೆ ಕೊಡುತ್ತಿದ್ದರು. ಬಿಸಿಲು ಬಂದ ಮಧ್ಯಾಹ್ನ ಎಲ್ಲ ಬಿಟ್ಟು ಇದಕ್ಕೇ ಓಡಿ ಬರುತ್ತಿದ್ದರಂತೆ.

ಆಗಸ್ಟಿನಲ್ಲಿ ಮತ್ತೆ ಹೋದೆ. ಬೋಟು ಹೊಳೆಯಲ್ಲಿತ್ತು. ಆಚೆ, ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯ ಮೇಲೆ ಗೂಡ್ಸು ಗಾಡಿ ಮುಗಿಯದೆ ಸಾಗುತ್ತಿತ್ತು. ಹುಡುಗರು ಒಬ್ಬೊಬ್ಬರಾಗಿ ಹಾರಿ, ಏಣಿ ಹತ್ತಿ, ಮತ್ತೆ ಹಾರಿದರು. ಹಲಗೆ ತೆಗೆದಾಗ ಸಣ್ಣ ತೆರೆಯೊಂದು ಹೊಸ್ತಿಲು ದಾಟಿ ಬಂದು ಕಾಲು ತೋಯಿಸಿ ಹೋಯಿತು. ಮೇಸ್ತ್ರಿ ಏನೂ ಹೇಳಲಿಲ್ಲ, ಬಗ್ಗಿ ಗೀಟು ನೋಡಿದರು.

ಬೋಟು ನಡೆಸಲು ಬಂದ ತಾಂಡೇಲರಿಗೆ ಅರವತ್ತರ ಹತ್ತಿರ. "ನೀವೂ ಒಮ್ಮೆ ಹತ್ತಿ ನೋಡಿ ಅಣ್ಣ," ಎಂದ ಕೊಂಡ ಹುಡುಗ. ಅವರು ಲುಂಗಿ ಮೇಲೆ ಕಟ್ಟಿ ನೀರಿಗಿಳಿದರು, ಮುಳುಗಿ ಎದ್ದರು, ಏಣಿಯ ಪಕ್ಕದಿಂದಲೇ ಹಾಯ್ದು ಹೋಗಿ ಆಚೆ ಬದಿಯಲ್ಲಿ ತೂಗಿದ್ದ ಟೈರಿಗೆ ಕಾಲು ಕೊಟ್ಟು ಒಂದೇ ನೆಗೆತಕ್ಕೆ ಒಳಗೆ ಬಂದು ಕೂತರು. ಎಲ್ಲರೂ ನಕ್ಕರು.

"ಅಭ್ಯಾಸ ಮಾರಾಯಾ," ಎಂದು ಮುಖ ಒರೆಸಿಕೊಂಡು, ಈ ಸಲ ಬಾಗಿಲಿನಿಂದಲೇ ಮತ್ತೆ ಇಳಿದರು.