ಅಂಚು ಯಾವುದು, ಚಿತ್ರ ಯಾವುದು?

ಪುಟದ ಕೆಳಗೆ, ಅಂಚಿನ ಬಿಳಿ ಜಾಗದಲ್ಲಿ 87 ಎಂಬ ಪುಟ್ಟ ಅಂಕಿ ಕೂತಿದೆ. ಕಥೆಯಲ್ಲಿ ಮುಳುಗಿದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕಂಪ್ಯೂಟರಿಗೆ ಮಾತ್ರ ಅದೂ ಶಾಯಿಯೇ, ನಾಯಕನ ಹುಬ್ಬಿನಷ್ಟೇ ಶಾಯಿ. ಸುತ್ತಲಿನ ಖಾಲಿ ಅಂಚು ತೆಗೆದುಹಾಕು ಎಂದರೆ ಅದು ಮೇಲೆ, ಎಡಕ್ಕೆ, ಬಲಕ್ಕೆ ಸರಾಗವಾಗಿ ಕತ್ತರಿಸುತ್ತ ಬಂದು, ಕೆಳಗೆ ಈ 87ರ ಹತ್ತಿರ ಥಟ್ಟನೆ ನಿಂತುಬಿಡುತ್ತದೆ. ಸರಿ, ಕೆಳಗಿನ ಸಣ್ಣಪುಟ್ಟ ಗುರುತುಗಳನ್ನು ಲೆಕ್ಕಕ್ಕೆ ತಗೋಬೇಡ ಎಂದು ಕಲಿಸಿದಿರೋ, ಇನ್ನೊಂದು ಪುಟದಲ್ಲಿ ಅದೇ ಮೂಲೆಗೆ ಇಳಿದು ಕೂತ ಪುಟಾಣಿ ಮಾತಿನ ಗುಳ್ಳೆಯನ್ನೂ ಕತ್ತರಿಸಿ ಎಸೆಯುತ್ತದೆ. ಆ ಗುಳ್ಳೆಯಲ್ಲಿ ಇದ್ದದ್ದು ಒಂದು ಉದ್ಗಾರ ಇರಬಹುದು. ಆದರೆ ಇಡೀ ಪುಟದ ನಗು ಆ ಉದ್ಗಾರದ ಮೇಲೇ ನಿಂತಿದ್ದರೆ?

ಜಪಾನಿನ ಮಾಂಗಾ ಕಾಮಿಕ್ಸ್‌ಗಳನ್ನು ಕಿಂಡಲ್, ಕೋಬೋದಂಥ ಇ-ರೀಡರ್‌ಗಳಿಗೆ ಹೊಂದಿಸುವ ತಂತ್ರಾಂಶ ಬರೆಯುವವರ ದಿನನಿತ್ಯದ ತಲೆನೋವು ಇದು. ಈ ಕೆಲಸದಲ್ಲಿ ಹೆಚ್ಚು ಹೆಸರು ಮಾಡಿರುವುದು ‘ಕಿಂಡಲ್ ಕಾಮಿಕ್ ಕನ್ವರ್ಟರ್’, ಬಳಸುವವರ ಬಾಯಲ್ಲಿ ಚಿಕ್ಕದಾಗಿ ಕೆಸಿಸಿ. ಪೈಥಾನ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ತೆರೆದು ನೋಡಬಹುದು, ತಿದ್ದಬಹುದು. 2012ರ ಸುಮಾರಿಗೆ ಶುರುವಾದ ಇದಕ್ಕೂ ಮೊದಲು ಇದೇ ಕೆಲಸಕ್ಕೆ ‘ಮ್ಯಾಂಗಲ್’ ಎಂಬ ಇನ್ನೊಂದು ಪುಟ್ಟ ತಂತ್ರಾಂಶವಿತ್ತು. ಚಿತ್ರಗಳನ್ನು ಸಂಸ್ಕರಿಸುವ ಮೂಲ ಕೋಡನ್ನು ಕೆಸಿಸಿ ಅಲ್ಲಿಂದಲೇ ಎರವಲು ಪಡೆಯಿತು. ಆಮೇಲೆ ಇದು ಕೈಯಿಂದ ಕೈಗೆ ದಾಟಿತು. ಒಬ್ಬರಿಗೆ ಪುರುಸೊತ್ತು ಸಾಲದಾದಾಗ ಇನ್ನೊಬ್ಬರು ಹೊಣೆ ಹೊತ್ತರು, ನಡುವೆ ಕೆಲಕಾಲ ಕೆಲಸ ಮಂದವಾಯಿತು, 2023ರಿಂದ ಮತ್ತೆ ಚುರುಕಾಗಿದೆ. ಇದರ ಬೆನ್ನಿಗೆ ಕಂಪನಿಯೂ ಇಲ್ಲ, ಸಂಬಳವೂ ಇಲ್ಲ.

ಒಂದು ಚಿತ್ರವನ್ನು ಚಿಕ್ಕದು ಮಾಡುವುದಕ್ಕೆ ಇಷ್ಟೊಂದು ಯಾಕೆ ಎನ್ನಿಸಬಹುದು. ಅಳತೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಜಪಾನಿನ ಅಂಗಡಿಗಳಲ್ಲಿ ಸಿಗುವ ಹುಡುಗರ ಮಾಂಗಾ ಸಂಪುಟ ಹೆಚ್ಚುಕಮ್ಮಿ 11.3 ಸೆಂ.ಮೀ. ಅಗಲ, 17.6 ಸೆಂ.ಮೀ. ಎತ್ತರ. 2021ರ ಕಿಂಡಲ್ ಪೇಪರ್‌ವೈಟ್‌ನ ಪರದೆ 1236×1648 ಪಿಕ್ಸೆಲ್, ಇಂಚಿಗೆ 300ರಂತೆ. ಅಂದರೆ ಅಗಲ ಹತ್ತೂವರೆ ಸೆಂ.ಮೀ., ಎತ್ತರ ಹದಿನಾಲ್ಕು. ಪುಸ್ತಕ ನೀಳ, ಪರದೆ ಗಿಡ್ಡ. ಪುಟವನ್ನು ಇದ್ದ ಹಾಗೇ ಕೂರಿಸಿದರೆ ಅದು ಐದರಲ್ಲಿ ನಾಲ್ಕು ಪಾಲಿಗೆ ಕುಗ್ಗುತ್ತದೆ, ಪಕ್ಕದಲ್ಲಿ ಒಂದೂವರೆ ಸೆಂ.ಮೀ. ಪರದೆ ಸುಮ್ಮನೆ ಖಾಲಿ ಬೀಳುತ್ತದೆ. ಹುಡುಗರ ಮಾಂಗಾದಲ್ಲಿ ಚೀನೀ ಲಿಪಿಯ ಪಕ್ಕ ಓದಿಗೆ ನೆರವಾಗಲು ಇರುವೆ ಗಾತ್ರದ ಅಕ್ಷರಗಳನ್ನು ಅಚ್ಚು ಹಾಕಿರುತ್ತಾರೆ. ಈ ಕುಗ್ಗಿದ ಪುಟದಲ್ಲಿ ಮೊದಲು ಸಾಯುವುದು ಅವೇ. ಹಾಗಾಗಿ ಅಂಚಿನಲ್ಲಿ ಉಳಿಸಿದ ಪ್ರತಿ ಮಿಲಿಮೀಟರೂ ಓದುವವರ ಕಣ್ಣಿಗೆ ಲಾಭ.

ಆದರೆ ಮಾಂಗಾ ಕಲಾವಿದರಿಗೆ ಬಿಳಿ ಜಾಗವೂ ಒಂದು ಬಣ್ಣ. ಯಾರೋ ಸತ್ತ ಸುದ್ದಿ ಬಂದ ಮೇಲಿನ ಪುಟದಲ್ಲಿ ನಡುವೆ ಒಂದೇ ಒಂದು ಪುಟ್ಟ ಚೌಕ ಬರೆದು ಸುತ್ತ ಏನೂ ಇಲ್ಲದೆ ಬಿಡುತ್ತಾರೆ. ಹಳೆಯ ನೆನಪು ಬಂತೆಂದರೆ ಅಂಚನ್ನು ಪೂರ್ತಿ ಕಪ್ಪು ಮಾಡುತ್ತಾರೆ. ಕತ್ತರಿ ಹಿಡಿದ ಯಂತ್ರ ಆ ಒಂಟಿ ಚೌಕವನ್ನು ಪರದೆ ತುಂಬ ಹಿಗ್ಗಿಸಿ ಇಟ್ಟರೆ ದುಃಖ ಹೋಗಿ ಜಾಹೀರಾತಿನ ಫಲಕವಾಗುತ್ತದೆ. ಇದಕ್ಕೆಂದೇ ಕೆಸಿಸಿಯಲ್ಲಿ ಕತ್ತರಿಯ ಹರಿತವನ್ನು ಏರಿಸಿ ಇಳಿಸುವ ಒಂದು ಪಟ್ಟಿ ಇದೆ. ಏನೂ ಕತ್ತರಿಸಬೇಡ, ಅಂಚು ಮಾತ್ರ ಕತ್ತರಿಸು, ಅಂಚಿನ ಜೊತೆ ಪುಟಸಂಖ್ಯೆಯನ್ನೂ ತೆಗೆ ಎಂಬ ಮೂರು ಆಯ್ಕೆಗಳಿವೆ. ಉಳಿಯುವ ಜಾಗಕ್ಕೆ ಬಿಳಿ ತುಂಬಬೇಕೋ ಕಪ್ಪೋ ಎಂಬುದನ್ನು ಪುಟದ ಅಂಚು ನೋಡಿ ಅದೇ ಊಹಿಸುತ್ತದೆ. ನನ್ನ ಮಟ್ಟಿಗೆ ನಡುವಿನ ಆಯ್ಕೆಯೇ ವಾಸಿ. ಒಂದು ಅಂಕಿ ಉಳಿದರೆ ಯಾರ ಗಂಟೂ ಹೋಗುವುದಿಲ್ಲ, ಒಂದು ಮಾತು ಹೋದರೆ ಹೋದಂತೆಯೇ.

ಪರದೆಯ ಸ್ವಭಾವವನ್ನೂ ಇಲ್ಲಿ ಹೇಳಬೇಕು. ಇ-ರೀಡರ್‌ಗಳಲ್ಲಿ ಇರುವುದು ಫೋನಿನ ಹಾಗೆ ಬೆಳಕು ಉಗುಳುವ ಪರದೆ ಅಲ್ಲ. ಕೂದಲೆಳೆಯಷ್ಟು ಸಣ್ಣ ಗುಳಿಗೆಗಳೊಳಗೆ ಕಪ್ಪು, ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಯಾವುದು ಮೇಲೆ ಬರುತ್ತದೋ ಆ ಬಣ್ಣ ಕಾಣುತ್ತದೆ. 1997ರಲ್ಲಿ ಎಂಐಟಿಯ ಮೀಡಿಯಾ ಲ್ಯಾಬ್‌ನಿಂದ ಹೊರಟ ಇ-ಇಂಕ್ ಕಂಪನಿಯ ತಂತ್ರ ಇದು. ಇದನ್ನು ಬಳಸಿದ ಮೊದಲ ಓದುಗ ಯಂತ್ರ, ಸೋನಿಯ ‘ಲಿಬ್ರಿಯೆ’, 2004ರಲ್ಲಿ ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲೇ. 2007ರ ಮೊದಲ ಕಿಂಡಲ್‌ಗೆ ತೋರಿಸಲು ಬರುತ್ತಿದ್ದದ್ದು ನಾಲ್ಕೇ ನಾಲ್ಕು ಬೂದು ಛಾಯೆ. 2009ರಲ್ಲಿ ಅದು ಹದಿನಾರಾಯಿತು, ಇವತ್ತಿಗೂ ಹದಿನಾರೇ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ 256 ಛಾಯೆಗಳಿರುತ್ತವೆ. ಅಷ್ಟನ್ನೂ ತುಂಬಿ ಕಳಿಸಿದರೆ ಫೈಲು ದಪ್ಪವಾಗುತ್ತದೆಯೇ ಹೊರತು ಪರದೆಯಲ್ಲಿ ಹೆಚ್ಚಿನದೇನೂ ಕಾಣುವುದಿಲ್ಲ. ಹದಿನಾರಕ್ಕೆ ಇಳಿಸುವ ಕೆಲಸವನ್ನು ಮೊದಲೇ ಎಚ್ಚರದಿಂದ ಮಾಡಿಟ್ಟರೆ ಫೈಲೂ ಹಗುರ, ಚಿತ್ರವೂ ಚೊಕ್ಕ. ಇ-ಇಂಕ್‌ನ ಬಿಳಿ ನಮ್ಮ ದಿನಪತ್ರಿಕೆಯ ಕಾಗದದಂತೆ ಕೊಂಚ ಮಾಸಲು, ಕಪ್ಪು ಕೂಡ ಅಪ್ಪಟ ಕಪ್ಪಲ್ಲ. ಆದ್ದರಿಂದ ಛಾಯೆಗಳನ್ನು ಎರಡೂ ತುದಿಗೆ ಸ್ವಲ್ಪ ಎಳೆದು ಕಪ್ಪುಬಿಳುಪಿನ ಅಂತರ ಹೆಚ್ಚಿಸಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಚುಕ್ಕೆಗಳು. ಮಾಂಗಾ ಅಚ್ಚಾಗುವುದು ಒಂದೇ ಶಾಯಿಯಲ್ಲಿ, ಅದೂ ಕಪ್ಪು. ಬೂದು ಬಣ್ಣ ಬೇಕಾದಾಗ ಕಲಾವಿದರು ಚುಕ್ಕೆಗಳ ಹಾಳೆಯನ್ನು ಅಂಟಿಸಿ ಬ್ಲೇಡಿನಿಂದ ಆಕಾರಕ್ಕೆ ಕೊರೆಯುತ್ತಿದ್ದರು. ಅದಕ್ಕೆ ಸ್ಕ್ರೀನ್‌ಟೋನ್ ಎನ್ನುತ್ತಾರೆ. ಈಗ ಬಹುಪಾಲು ಕಂಪ್ಯೂಟರಿನಲ್ಲೇ ನಡೆದರೂ ಚುಕ್ಕೆ ಮಾತ್ರ ಚುಕ್ಕೆಯೇ. ಶಾಲೆಯ ಸಮವಸ್ತ್ರ, ಸಂಜೆಯ ಆಕಾಶ, ಕೆನ್ನೆಯ ನಾಚಿಕೆ ಎಲ್ಲವೂ ಅವುಗಳಲ್ಲೇ. ಮೂಲಚಿತ್ರ ಬಿಡಿಸುವುದು ದೊಡ್ಡ ಹಾಳೆಯಲ್ಲಿ. ಇಂಚಿಗೆ 60 ಸಾಲು ಚುಕ್ಕೆಯ ಟೋನ್ ಅಲ್ಲಿ ಸಾಮಾನ್ಯ. ಅದು ಪುಸ್ತಕದ ಅಳತೆಗೆ ಕುಗ್ಗಿ, ಮತ್ತೆ ಪರದೆಯ ಅಳತೆಗೆ ಕುಗ್ಗಿದಾಗ ಒಂದೊಂದು ಚುಕ್ಕೆಗೆ ಸಿಗುವುದು ಸುಮಾರು ಎರಡು, ಎರಡೂವರೆ ಪಿಕ್ಸೆಲ್. ಪಿಕ್ಸೆಲ್‌ನಲ್ಲಿ ಅರ್ಧ ಎಂಬುದಿಲ್ಲ. ಒಂದು ಚುಕ್ಕೆಗೆ ಎರಡು ಸಿಕ್ಕರೆ ಪಕ್ಕದ್ದಕ್ಕೆ ಮೂರು ಸಿಗುತ್ತದೆ, ಈ ಏರುಪೇರು ಸಾಲುಸಾಲಾಗಿ ಮರುಕಳಿಸಿ ಸಮವಸ್ತ್ರದ ಮೇಲೆ ಕಲಾವಿದರು ಬರೆಯದೇ ಇದ್ದ ಅಲೆಅಲೆಯ ಪಟ್ಟೆಗಳು ಎದ್ದುಬಿಡುತ್ತವೆ. ಮುವಾರೆ ಎಂದು ಕರೆಯುವ ಈ ಪಟ್ಟೆಯನ್ನು ತಪ್ಪಿಸಲು ಕುಗ್ಗಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನೆಲ್ಲ ತೂಗಿ ನೋಡುವ ನಯವಾದ ಲೆಕ್ಕಾಚಾರ ಬೇಕು. ಯಂತ್ರಕ್ಕೆ ಸರಿಯಾದ ಅಳತೆಯಲ್ಲೇ ಚಿತ್ರ ಕೊಡುವುದೂ ಮುಖ್ಯ, ಇಲ್ಲವಾದರೆ ಇ-ರೀಡರ್ ತಾನೇ ಇನ್ನೊಮ್ಮೆ ಕುಗ್ಗಿಸಿ ಮಾಡಿದ ಕೆಲಸವನ್ನೆಲ್ಲ ಕೆಡಿಸುತ್ತದೆ. ಅದಕ್ಕೇ ಕೆಸಿಸಿ ಶುರುವಿನಲ್ಲೇ ಕೇಳುವ ಪ್ರಶ್ನೆ, ನಿಮ್ಮ ಹತ್ತಿರ ಇರುವುದು ಯಾವ ಮಾದರಿ?

ಬಣ್ಣದ ಇ-ಇಂಕ್ ಬಂದ ಮೇಲೆ ಈ ಕಾಟ ಹೊಸ ವೇಷ ಹಾಕಿತು. 2024ರಲ್ಲಿ ಬಂದ ಕೋಬೋ ಲಿಬ್ರಾ ಕಲರ್, ಕಿಂಡಲ್ ಕಲರ್‌ಸಾಫ್ಟ್‌ಗಳಲ್ಲಿ ಕಪ್ಪುಬಿಳುಪಿನ ಪರದೆಯ ಮೇಲೆ ಬಣ್ಣದ ಸೋಸುಪದರ ಕೂರಿಸಿದ್ದಾರೆ. ಮಾಂಗಾದ ಚುಕ್ಕೆಗಳ ಸಾಲಿಗೂ ಸೋಸುಪದರದ ಸಾಲಿಗೂ ತಾಳ ಕೂಡಿಬಿಟ್ಟರೆ ಕಪ್ಪುಬಿಳುಪಿನ ಪುಟದ ಮೇಲೆ ಕಾಮನಬಿಲ್ಲು ಹರಡುತ್ತದೆ. ಇದನ್ನು ಅಳಿಸಲು ಈಚೆಗೆ ಕೆಸಿಸಿಗೆ ಒಂದು ಹೊಸ ಆಯ್ಕೆ ಸೇರಿದೆ. ಅದು ಪುಟವನ್ನು ಫೂರಿಯೆ ಗಣಿತದಿಂದ ಅಲೆಗಳಾಗಿ ಬಿಡಿಸಿ, ಪದರದ ಜೊತೆ ಜಗಳಕ್ಕೆ ಬೀಳುವ ಅಲೆಗಳನ್ನಷ್ಟೇ ತಗ್ಗಿಸಿ, ಮತ್ತೆ ಚಿತ್ರವಾಗಿ ಹೆಣೆಯುತ್ತದೆ. ಜೋಸೆಫ್ ಫೂರಿಯೆ 1822ರಲ್ಲಿ ಗ್ರಂಥ ಬರೆದದ್ದು ಘನವಸ್ತುಗಳಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬುದರ ಬಗ್ಗೆ. ಇನ್ನೂರು ವರ್ಷದ ಮೇಲೆ ಅದು ಕಾಮಿಕ್ಸ್ ಓದುವವರ ನೆರವಿಗೆ ಬಂದಿರುವುದು ನನಗಂತೂ ಮೋಜೆನಿಸುತ್ತದೆ.

ಇನ್ನು ದಿಕ್ಕಿನ ಮಾತು. ಜಪಾನೀ ಪುಸ್ತಕ ಬಲದಿಂದ ಎಡಕ್ಕೆ ಸಾಗುತ್ತದೆ. 1980–90ರ ದಶಕಗಳಲ್ಲಿ ಅಮೆರಿಕದ ಪ್ರಕಾಶಕರು ಪುಟಗಳನ್ನು ಕನ್ನಡಿಯಲ್ಲಿ ಹಿಡಿದಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಸಮುರಾಯ್‌ಗಳೆಲ್ಲ ಎಡಚರಾದರು. ಕಿಮೋನೊದ ಮಡಿಕೆಯೂ ಅದಲುಬದಲಾಯಿತು. ಹಾಗೆ ಬಲಗಡೆಯದನ್ನು ಮೇಲೆ ಮಡಿಸಿ ತೊಡಿಸುವುದು ಜಪಾನಿನಲ್ಲಿ ಹೆಣಕ್ಕೆ ಮಾತ್ರ. 2002ರ ಹೊತ್ತಿಗೆ ಟೋಕಿಯೋಪಾಪ್ ಎಂಬ ಪ್ರಕಾಶನ ತಿರುಗಿಸದೆ ಇದ್ದಂತೆಯೇ ಅಚ್ಚು ಹಾಕಿ ಗೆದ್ದ ಮೇಲೆ ಆ ಪದ್ಧತಿ ಮೂಲೆಗುಂಪಾಯಿತು. ಇ-ಪುಸ್ತಕದಲ್ಲಿ ಇದಕ್ಕೆ ದಾರಿ ತೆರೆದದ್ದು 2011ರ ಇಪಬ್ 3 ಮಾನದಂಡ. ಪುಟಗಳು ಬಲದಿಂದ ಎಡಕ್ಕೆ ಹೋಗುತ್ತವೆ ಎಂದು ಫೈಲಿನೊಳಗೆ ಒಂದು ಸಾಲು ಬರೆದರೆ ಓದುವ ಯಂತ್ರ ಹಾಗೆಯೇ ನಡೆದುಕೊಳ್ಳುತ್ತದೆ. ಕೆಸಿಸಿಯ ‘ಮಾಂಗಾ ಮೋಡ್’ ಮುಖ್ಯವಾಗಿ ಆ ಒಂದು ಸಾಲು. ಜೊತೆಗೆ, ಎರಡು ಪುಟಕ್ಕೆ ಹರಡಿದ ದೊಡ್ಡ ಚಿತ್ರ ಬಂದಾಗ ಬಲ ಅರ್ಧವನ್ನು ಮೊದಲು ತೋರಿಸುವ ನೆನಪು.

ಆ ಜೋಡಿಪುಟವನ್ನು ಏನು ಮಾಡಬೇಕು ಎಂಬುದರಲ್ಲಿ ಓದುಗರೊಳಗೇ ಒಮ್ಮತವಿಲ್ಲ. ಸೀಳಿ ಎರಡು ಪುಟ ಮಾಡಬಹುದು, ಅಡ್ಡ ತಿರುಗಿಸಿ ಒಂದೇ ಪುಟವಾಗಿ ಇಡಬಹುದು, ಎರಡನ್ನೂ ಒಂದರ ಹಿಂದೆ ಒಂದು ಕೊಡಬಹುದು. ಸೀಳಿದರೆ ರಥದ ಮೇಲಿನವನು ಒಂದು ಪುಟದಲ್ಲಿ, ಕುದುರೆಗಳು ಇನ್ನೊಂದರಲ್ಲಿ. ತಿರುಗಿಸಿದರೆ ಹಾಸಿಗೆಯಲ್ಲಿ ಒರಗಿ ಓದುತ್ತಿದ್ದವರು ಯಂತ್ರವನ್ನೋ ಕತ್ತನ್ನೋ ಹೊರಳಿಸಬೇಕು. ಟ್ಯಾಬ್ಲೆಟ್ ಇದ್ದವರಿಗೆ ಈ ರಗಳೆ ಕಡಿಮೆ. ಅಡ್ಡ ಹಿಡಿದರೆ ಎರಡು ಪುಟ ಒಟ್ಟಿಗೇ ಕಾಣುತ್ತವೆ. ಆದರೆ ಸ್ಕ್ಯಾನಿನಲ್ಲಿ ಎಲ್ಲೋ ಒಂದು ಖಾಲಿ ಹಾಳೆ ತಪ್ಪಿಹೋಗಿದ್ದರೆ ಅಲ್ಲಿಂದ ಮುಂದಕ್ಕೆ ಎಲ್ಲ ಜೋಡಿಗಳೂ ತಪ್ಪಿ, ಯಾರದೋ ತಲೆ ಯಾರದೋ ಮೈಗೆ ಅಂಟುತ್ತದೆ.

ಮಿಕ್ಕ ಕೆಲಸ ಬರೀ ಗುಮಾಸ್ತಗಿರಿ, ಆದರೆ ತಪ್ಪಿದರೆ ಕಥೆಯೇ ಕೆಡುತ್ತದೆ. ಸಾಮಾನ್ಯವಾಗಿ ಮಾಂಗಾ ಫೈಲು ಎಂದರೆ ಚಿತ್ರಗಳ ಒಂದು ಜಿಪ್ ಗಂಟು, ಹೆಸರಿನ ಬಾಲ ಮಾತ್ರ ಸಿಬಿಝಡ್. ಒಳಗಿನ ಪುಟಗಳನ್ನು ಕಂಪ್ಯೂಟರಿನ ಅಕ್ಷರಕ್ರಮಕ್ಕೆ ಬಿಟ್ಟರೆ 1 ಆದ ಮೇಲೆ 10, 11 ಬಂದು ಆಮೇಲೆ 2 ಬರುತ್ತದೆ. ಕೋಬೋ ಯಂತ್ರದಲ್ಲಿ ಫೈಲಿನ ಕೊನೆಗೆ ಬರೀ ‘ಇಪಬ್’ ಎಂದಿದ್ದರೆ ಒಂದು ಓದುವ ವ್ಯವಸ್ಥೆ, ಅದರ ಮುಂದೆ ‘ಕೆಪಬ್’ ಸೇರಿಸಿದರೆ ಇನ್ನೊಂದು, ಇನ್ನೂ ಚುರುಕಾದದ್ದು. ಅಮೆಜಾನ್ ತನ್ನ ‘ಕಿಂಡಲ್‌ಜೆನ್’ ಎಂಬ ಪರಿವರ್ತಕವನ್ನು 2020ರಲ್ಲಿ ಬಿಡಿಯಾಗಿ ಕೊಡುವುದನ್ನು ನಿಲ್ಲಿಸಿ ಇನ್ನೊಂದು ದೊಡ್ಡ ತಂತ್ರಾಂಶದ ಹೊಟ್ಟೆಯೊಳಗೆ ಇಟ್ಟಿತು. ಕೆಸಿಸಿಯವರು ಅದನ್ನು ಅಲ್ಲಿಂದಲೇ ಹುಡುಕಿ ಬಳಸುವಂತೆ ತಿದ್ದಿಕೊಂಡರು. ದೊಡ್ಡ ಕಂಪನಿ ಒಂದು ಬಾಗಿಲು ಸರಿಸಿದಾಗಲೆಲ್ಲ ಇವರಿಗೆ ಒಂದು ಭಾನುವಾರ ಖರ್ಚು.

ಇಷ್ಟೆಲ್ಲ ಯಾರಿಗಾಗಿ? ಜಪಾನಿನಲ್ಲೇ 2017ರಲ್ಲಿ ಡಿಜಿಟಲ್ ಕಾಮಿಕ್ಸ್ ಮಾರಾಟ ಮೊದಲ ಬಾರಿಗೆ ಅಚ್ಚಿನ ಸಂಪುಟಗಳನ್ನು ಹಿಂದೆ ಹಾಕಿತು: 17,110 ಕೋಟಿ ಯೆನ್ ಎದುರು 16,660 ಕೋಟಿ. ಅದಕ್ಕೂ ಹಿಂದಿನ ವರ್ಷ ಅಮೆಜಾನ್ ಜಪಾನಿಗೆಂದೇ 32 ಜಿಬಿಯ ‘ಮಾಂಗಾ ಮಾದರಿ’ ಕಿಂಡಲ್ ತಂದಿತ್ತು. ಆದರೆ ಅಂಗಡಿಯಲ್ಲಿ ಕೊಂಡ ಇ-ಮಾಂಗಾಗೆ ಬಹುಮಟ್ಟಿಗೆ ಬೀಗ ಹಾಕಿರುತ್ತಾರೆ, ಅದನ್ನು ಕೆಸಿಸಿ ಮುಟ್ಟುವುದಿಲ್ಲ. ಬೀಗವಿಲ್ಲದೆ ಮಾರುವ ಪುಸ್ತಕ, ತಾವೇ ಸ್ಕ್ಯಾನ್ ಮಾಡಿಕೊಂಡ ಸಂಪುಟ, ಕಲಾವಿದರೇ ಬಿಡುಗಡೆ ಮಾಡಿದ ಕೃತಿ, ಇವು ನ್ಯಾಯವಾದ ಬಳಕೆ. ಕದ್ದ ಸ್ಕ್ಯಾನ್‌ಗಳೂ ಇದೇ ದಾರಿಯಲ್ಲಿ ಬರುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಕೈ ಪಳಗಿಸಿಕೊಳ್ಳಲು ಬಯಸುವವರಿಗೆ ಶೂಹೋ ಸಾತೋ ಅವರ ಆಸ್ಪತ್ರೆಯ ಕಥೆ ‘ಸೇ ಹಲೋ ಟು ಬ್ಲ್ಯಾಕ್ ಜ್ಯಾಕ್’ ಇದೆ. ಅದನ್ನು ಯಾರು ಹೇಗೆ ಬೇಕಾದರೂ ಬಳಸಬಹುದೆಂದು 2012ರಲ್ಲಿ ಅವರೇ ಬಿಟ್ಟುಕೊಟ್ಟರು. ಹದಿಮೂರು ಸಂಪುಟ.

ನಮಗೂ ಇದರಲ್ಲಿ ಒಂದು ಪಾಲಿದೆ. 2016ರಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿದ್ದವು, ಕನ್ನಡ ಇರಲಿಲ್ಲ. ಚಿತ್ರವಾಗಿ ಹೋಗುವ ಪುಟಕ್ಕೆ ಯಾವ ಅಂಗಡಿಯ ಅಪ್ಪಣೆಯೂ ಬೇಡ, ಫಾಂಟೂ ಬೇಡ, ಒತ್ತಕ್ಷರ ಒಡೆಯುವ ಭಯವೂ ಇಲ್ಲ. ಮನೆಯಲ್ಲಿರುವ ಹಳೆಯ ಕನ್ನಡ ಚಿತ್ರಕಥೆಯ ಪುಸ್ತಕವನ್ನು ನಿಮ್ಮ ಓದಿಗೆಂದು ಸ್ಕ್ಯಾನ್ ಮಾಡಿ ಇದೇ ತಂತ್ರಾಂಶಕ್ಕೆ ಕೊಡಬಹುದು. ಮಾಂಗಾ ಮೋಡ್‌ನ ಟಿಕ್ ತೆಗೆದಿದ್ದೀರಾ ಎಂದು ಮಾತ್ರ ನೋಡಿಕೊಳ್ಳಿ. ಅದು ಹಾಗೇ ಉಳಿದರೆ ಜೋಡಿಪುಟದ ಯುದ್ಧದಲ್ಲಿ ಮೊದಲು ಕರ್ಣ ಬಾಣ ತಾಗಿ ಬೀಳುತ್ತಾನೆ, ಅರ್ಜುನ ಆಮೇಲೆ ಬಿಲ್ಲೆತ್ತುತ್ತಾನೆ.