ಬಾಲಿ ದ್ವೀಪ: ಅತಿಥಿಗಳು ಬಂದ ಮೇಲೆ



ಭೂಪಟದಲ್ಲಿ ಜಾವಾ ದ್ವೀಪದ ಪೂರ್ವದ ತುದಿಗೆ ಬೆರಳಿಟ್ಟು, ಕಿರಿದಾದ ಒಂದು ಜಲಸಂಧಿಯನ್ನು ದಾಟಿದರೆ ಬಾಲಿ ದ್ವೀಪವು ದೊರೆಯುತ್ತದೆ. ಇಂಡೋನೇಷ್ಯಾ ದೇಶಕ್ಕೆ ಸೇರಿದ ಈ ದ್ವೀಪವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ಸ್ವಲ್ಪವೇ ದೊಡ್ಡದು. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 43 ಲಕ್ಷ. ಆದರೆ 2019ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದಿಳಿದ ವಿದೇಶಿ ಪ್ರವಾಸಿಗರು 62 ಲಕ್ಷಕ್ಕೂ ಹೆಚ್ಚು. ಮನೆಯವರಿಗಿಂತ ಅತಿಥಿಗಳೇ ಹೆಚ್ಚಾದಾಗ ಮನೆಯ ವ್ಯವಹಾರವು ಹೇಗೆ ನಡೆಯುತ್ತದೆ? ಬಂದ ಹಣ ಯಾರ ಕೈ ಸೇರುತ್ತದೆ, ಬಾವಿಯ ನೀರು ಯಾರಿಗೆ, ನಡೆಯುವ ಹಾದಿ ಯಾರಿಗೆ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪ್ರವಾಸಿಗರು ಬರುವ ಮೊದಲು ಬಾಲಿಯ ಬದುಕಿಗೆ ಬತ್ತದ ಬೆಳೆಯೇ ಆಧಾರವಾಗಿತ್ತು. ಬೆಟ್ಟಗಳಿಂದ ಇಳಿದುಬರುವ ನೀರನ್ನು ರೈತರು ಕಾಲುವೆಗಳ ಮೂಲಕವೂ ಸುರಂಗಗಳ ಮೂಲಕವೂ ಮೆಟ್ಟಿಲು ಗದ್ದೆಗಳಿಗೆ ಹಂಚಿಕೊಳ್ಳುತ್ತಾರೆ. ಇದಕ್ಕಾಗಿ ಅವರು ಕಟ್ಟಿಕೊಂಡಿರುವ ಸಂಘಕ್ಕೆ ‘ಸುಬಾಕ್’ ಎಂದು ಹೆಸರು. ನಾಟಿ ಯಾವಾಗ, ಯಾವ ಗದ್ದೆಗೆ ಎಷ್ಟು ನೀರು ಎಂಬುದನ್ನು ಅವರು ಜಲದೇವಾಲಯಗಳ ಕಟ್ಟಳೆಗೆ ಅನುಸಾರವಾಗಿ ಕೂಡಿ ನಿರ್ಣಯಿಸುತ್ತಾರೆ. ಶತಮಾನಗಳಿಂದ ನಡೆದುಬಂದ ಈ ಪದ್ಧತಿಯನ್ನು 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರ ಕಣ್ಣನ್ನು ಸೆಳೆಯುವ ಹಸುರು ಸೋಪಾನಗಳು ಈ ರೈತರ ದುಡಿಮೆಯ ಫಲವೇ ಆಗಿವೆ.

1966ರಲ್ಲಿ ಸಾನೂರಿನ ಕಡಲತೀರದಲ್ಲಿ ಹತ್ತು ಅಂತಸ್ತಿನ ದೊಡ್ಡ ಹೋಟೆಲೊಂದು ತೆರೆಯಿತು. ಅಷ್ಟು ಎತ್ತರದ ಕಟ್ಟಡವು ದ್ವೀಪಕ್ಕೆ ಒಪ್ಪುವುದಿಲ್ಲವೆಂದು ಆಮೇಲೆ ತೆಂಗಿನ ಮರದ ಎತ್ತರವನ್ನು, ಅಂದರೆ ಸುಮಾರು 15 ಮೀಟರುಗಳನ್ನು, ಮೀರಿ ಕಟ್ಟಬಾರದೆಂಬ ನಿಯಮವು ಬಂದಿತು. 1969ರಲ್ಲಿ ವಿಮಾನ ನಿಲ್ದಾಣವು ಅಂತರರಾಷ್ಟ್ರೀಯ ಸಂಚಾರಕ್ಕೆ ತೆರೆದುಕೊಂಡಿತು. ಅಲ್ಲಿಂದ ಮುಂದೆ ಎರಡು ಬಗೆಯ ಊರುಗಳು ಬೆಳೆದವು. ಕೂಟಾ ಎಂಬಲ್ಲಿ ಊರಿನವರೇ ತಮ್ಮ ಮನೆಯಂಗಳದಲ್ಲಿ ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ನುಸಾ ದುವಾ ಎಂಬಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ದೊಡ್ಡ ಹೋಟೆಲುಗಳಿಗಾಗಿಯೇ ಪ್ರತ್ಯೇಕವಾದ ನೆಲೆಯೊಂದು ಸಿದ್ಧವಾಯಿತು.

ಈ ಎರಡರ ಆರ್ಥಿಕ ಭೇದವನ್ನು ಗಮನಿಸಿರಿ. ಮನೆಯಂಗಳದ ಕೋಣೆಯ ಬಾಡಿಗೆಯು ನೇರವಾಗಿ ಆ ಕುಟುಂಬಕ್ಕೆ ಸಲ್ಲುತ್ತದೆ. ದೊಡ್ಡ ಹೋಟೆಲಿನ ಆದಾಯದಲ್ಲಿ ನೌಕರರ ಸಂಬಳವೂ ತೆರಿಗೆಯೂ ದ್ವೀಪದಲ್ಲಿ ಉಳಿದರೆ, ಲಾಭವು ದೂರದ ಒಡೆಯರಿಗೆ ಹೋಗಬಹುದು. ನಿಮ್ಮಲ್ಲಿ ಅನೇಕರ ಮನೆಯವರು ಮುಂಬಯಿಯಲ್ಲಿ ಹೋಟೆಲು ವೃತ್ತಿಯಲ್ಲಿರುವುದರಿಂದ ಮುಂದಿನ ಲೆಕ್ಕವು ನಿಮಗೆ ಸುಲಭವಾಗಿ ತಿಳಿಯುವುದು. ಬಾಲಿಯ ಹೋಟೆಲು ತನ್ನ ತರಕಾರಿಯನ್ನು ಬೆಡುಗುಲ್ ಬೆಟ್ಟದ ರೈತನಿಂದಲೂ ಮೀನನ್ನು ಜಿಂಬರಾನಿನ ಬೆಸ್ತನಿಂದಲೂ ಕೊಂಡರೆ, ಪ್ರವಾಸಿಗನ ಒಂದು ರೂಪಾಯಿ ನಾಲ್ಕಾರು ಕೈಗಳನ್ನು ದಾಟುತ್ತ ಅಲ್ಲಿಯೇ ಸುತ್ತುತ್ತದೆ. ಹಣ್ಣು, ಮಾಂಸ, ಪಾನೀಯಗಳೆಲ್ಲ ಪರದೇಶದಿಂದ ಬಂದರೆ ಆ ರೂಪಾಯಿಯು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ‘ಸೋರಿಕೆ’ ಎಂದು ಕರೆಯುತ್ತಾರೆ. ಆದಕಾರಣ ಎಷ್ಟು ಜನ ಬಂದರೆಂಬುದು ಅರ್ಧ ಲೆಕ್ಕ ಮಾತ್ರ; ಎಷ್ಟು ಉಳಿಯಿತೆಂಬುದು ಉಳಿದರ್ಧ.

ನೆಲಜಲಗಳ ವಿಷಯವೂ ಹೀಗೆಯೇ. ಹೋಟೆಲು ಬರುವ ಊರಿನಲ್ಲಿ ಜಮೀನಿನ ಬೆಲೆ ಏರುತ್ತದೆ. ಬತ್ತ ಬೆಳೆದು ವರ್ಷಗಟ್ಟಲೆ ಗಳಿಸುವುದನ್ನು ರೈತನು ಗದ್ದೆ ಮಾರಿ ಒಮ್ಮೆಗೇ ಪಡೆಯಬಹುದು. ಆದರೆ ಸುಬಾಕಿನ ಕಾಲುವೆಯು ಸರಪಳಿಯಿದ್ದಂತೆ. ನಡುವಿನ ಗದ್ದೆಯೊಂದರ ಮೇಲೆ ಕಟ್ಟಡವೆದ್ದು ಕಾಲುವೆ ಮುಚ್ಚಿಹೋದರೆ ಕೆಳಗಿನ ಗದ್ದೆಗಳಿಗೆ ನೀರು ತಪ್ಪುತ್ತದೆ. ಆಗ ಅವರೂ ಮಾರಲೇಬೇಕಾಗುತ್ತದೆ. ಗದ್ದೆಗಳ ಚೆಲುವನ್ನು ನೋಡಲು ಬಂದವರಿಗಾಗಿಯೇ ಗದ್ದೆಗಳು ಅಳಿಯುವುದು ಎಂತಹ ವಿಪರ್ಯಾಸ!

ಇನ್ನು ಸಂಚಾರದ ಮಾತು. ಬಾಲಿಯಲ್ಲಿ ರೈಲುಗಾಡಿಯಿಲ್ಲ. ಹಿಂದೆ ‘ಬೆಮೋ’ ಎಂಬ ಸಣ್ಣ ಮೋಟಾರುಗಳು ಊರಿಂದೂರಿಗೆ ಹತ್ತಾರು ಜನರನ್ನು ಅಗ್ಗದ ದರದಲ್ಲಿ ಒಯ್ಯುತ್ತಿದ್ದವು. ಮನೆಮನೆಗೂ ಮೋಟಾರ್ ಸೈಕಲು ಬಂದಂತೆ ಬೆಮೋಗಳು ಕ್ಷೀಣಿಸಿದವು. ಪ್ರವಾಸಿಗರೂ ಬಾಡಿಗೆಯ ಮೋಟಾರ್ ಸೈಕಲನ್ನೋ ಕಾರನ್ನೋ ಹಿಡಿಯುತ್ತಾರೆ. ಎತ್ತಿನ ಗಾಡಿಗೂ ಕಾಲ್ನಡಿಗೆಗೂ ತಕ್ಕಂತಿದ್ದ ಹಳ್ಳಿಯ ಓಣಿಗಳಲ್ಲಿ ಇಂದು ಜಾವಾದಿಂದ ದೋಣಿ ದಾಟಿಬರುವ ಸರಕಿನ ಲಾರಿಗಳ ಹಿಂದೆ ಇವೆಲ್ಲವೂ ಸಾಲುಗಟ್ಟುತ್ತವೆ. 2013ರಲ್ಲಿ ಬೆನೋವಾ ಬಂದರು, ವಿಮಾನ ನಿಲ್ದಾಣ, ನುಸಾ ದುವಾಗಳನ್ನು ಕೂಡಿಸಲು ಕೊಲ್ಲಿಯ ನೀರಿನ ಮೇಲೆಯೇ 12 ಕಿಲೋಮೀಟರಿಗೂ ಮೀರಿದ ಸುಂಕದ ರಸ್ತೆಯನ್ನು ಕಟ್ಟಿದರು. ಆದರೂ 2023ರ ಡಿಸೆಂಬರ್ ಕೊನೆಯಲ್ಲಿ ವಾಹನಗಳು ಸ್ತಬ್ಧವಾಗಿ, ಪ್ರಯಾಣಿಕರು ಪೆಟ್ಟಿಗೆಗಳನ್ನು ಎಳೆದುಕೊಂಡು ವಿಮಾನ ನಿಲ್ದಾಣಕ್ಕೆ ನಡೆದೇ ಹೋಗಬೇಕಾಯಿತು. ಒಂದು ಲೋಕಲ್ ಗಾಡಿಯು ಒಯ್ಯುವ ಜನರನ್ನು ಒಬ್ಬೊಬ್ಬರನ್ನಾಗಿ ಒಂದೊಂದು ವಾಹನದಲ್ಲಿ ಕೂರಿಸಿದರೆ ಎಷ್ಟು ರಸ್ತೆ ಬೇಕಾದೀತೆಂದು ಮುಂಬಯಿಯ ಮಕ್ಕಳಾದ ನೀವೇ ಎಣಿಸಿ ನೋಡಿರಿ.

ಒಂದೇ ಕಂಬದ ಮೇಲೆ ನಿಂತ ಚಪ್ಪರಕ್ಕೆ ಗಾಳಿಯ ಭಯ ಹೆಚ್ಚು. 2002ರ ಅಕ್ಟೋಬರ್ 12ರಂದು ಕೂಟಾದಲ್ಲಿ ಬಾಂಬುಗಳು ಸಿಡಿದು 202 ಜನರು ಮೃತರಾದರು. ಪ್ರವಾಸಿಗರು ಬರುವುದು ನಿಂತು ಸಾವಿರಾರು ಮನೆಗಳ ಗಳಿಕೆ ಕುಸಿಯಿತು. 2020ರಲ್ಲಿ ಕೋವಿಡ್ ಬಂದಾಗ ದ್ವೀಪದ ಆರ್ಥಿಕ ಉತ್ಪನ್ನವು ಶೇಕಡಾ 9ಕ್ಕಿಂತ ಹೆಚ್ಚು ಇಳಿಯಿತು. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಅನೇಕರು ಹಳ್ಳಿಯ ಗದ್ದೆಗಳಿಗೆ ಮರಳಿದರು. ಲೆಂಬೋಂಗಾನ್ ಎಂಬ ಸಣ್ಣ ದ್ವೀಪದವರು ತಾವು ಬಿಟ್ಟಿದ್ದ ಕಡಲಪಾಚಿಯ ಬೇಸಾಯವನ್ನು ಮತ್ತೆ ಹಿಡಿದರು. ಗದ್ದೆಯನ್ನು ಮಾರದೆ ಉಳಿಸಿಕೊಂಡವರಿಗೆ ಆ ದಿನಗಳಲ್ಲಿ ಅನ್ನಕ್ಕೆ ಆಸರೆಯಿತ್ತು.

ಹಾಗಾದರೆ ಪ್ರವಾಸೋದ್ಯಮವೇ ಬೇಡವೇ? ಹಾಗಲ್ಲ. ಅದರಿಂದ ಬಾಲಿಯಲ್ಲಿ ಶಾಲೆ ಆಸ್ಪತ್ರೆಗಳಿಗೆ ಹಣ ಒದಗಿದೆ. ನೃತ್ಯ, ಶಿಲ್ಪ, ಚಿತ್ರಕಲೆಗಳನ್ನು ನಂಬಿದವರಿಗೆ ಜೀವನೋಪಾಯ ದೊರೆತಿದೆ. ಬೇಕಾದುದು ಮಿತಿ. 2024ರ ಫೆಬ್ರವರಿ 14ರಿಂದ ಪ್ರತಿಯೊಬ್ಬ ವಿದೇಶಿ ಪ್ರವಾಸಿಗನಿಂದ 1,50,000 ರೂಪಿಯಾ ಶುಲ್ಕವನ್ನು ಸಂಸ್ಕೃತಿ ಮತ್ತು ಪರಿಸರಗಳ ರಕ್ಷಣೆಗಾಗಿ ವಸೂಲು ಮಾಡತೊಡಗಿದರು. ಮಿತಿಯನ್ನು ಪಾಲಿಸುವ ಶಕ್ತಿಯೂ ಆ ಜನರಲ್ಲಿದೆ. ಅವರ ಶಕವರ್ಷದ ಮೊದಲ ದಿನವಾದ ‘ನ್ಯೆಪಿ’ಯಂದು ದ್ವೀಪದ ರಸ್ತೆಗಳೆಲ್ಲ ಬರಿದಾಗುತ್ತವೆ, ದೀಪ ಉರಿಯುವುದಿಲ್ಲ, ವಿಮಾನ ನಿಲ್ದಾಣವೂ 24 ಗಂಟೆಗಳ ಕಾಲ ಮುಚ್ಚಿರುತ್ತದೆ. 2023ರಲ್ಲಿ ಆ ಹಬ್ಬವು ನಮ್ಮ ಯುಗಾದಿಯ ದಿನವೇ ಬಂದಿತ್ತು. ವರ್ಷಕ್ಕೊಂದು ದಿನ ಅತಿಥಿಗಳೆಲ್ಲರೂ ಮನೆಯವರ ನಿಯಮದಂತೆ ನಡೆಯುತ್ತಾರೆ.

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಆರಂಭವಾಯಿತು. ಆ ವರ್ಷ ಅಲ್ಲಿಗೆ ಹೋದ ವಿದೇಶಿಯರಲ್ಲಿ ಆಸ್ಟ್ರೇಲಿಯದವರನ್ನು ಬಿಟ್ಟರೆ ಭಾರತೀಯರೇ ಹೆಚ್ಚು. ನಾಳೆ ನಿಮ್ಮಲ್ಲಿಯೂ ಕೆಲವರು ಅತಿಥಿಗಳಾಗಿ ಅಲ್ಲಿಗೆ ಹೋಗಬಹುದು. ಅಥವಾ ರಜೆಯಲ್ಲಿ ಊರಿಗೆ ಹೋದಾಗ ಮಲ್ಪೆ, ಗೋಕರ್ಣಗಳ ಕಡಲತೀರದಲ್ಲಿ ಮನೆಯವರಾಗಿ ಅತಿಥಿಗಳನ್ನು ನೋಡಬಹುದು. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಕೊಟ್ಟ ಹಣದಲ್ಲಿ ಈ ಊರಿಗೆ ಉಳಿದುದೆಷ್ಟು, ನಾವು ಬಳಸಿದ ನೀರು ಯಾರ ಗದ್ದೆಯದು?