ಮತವೊಂದು, ಅರ್ಥವೆರಡು

ಮತವೆಂಬ ಒಂದೇ ಶಬ್ದವು ನಮ್ಮ ನುಡಿಯಲ್ಲಿ ಧರ್ಮವನ್ನೂ ಸೂಚಿಸುವುದು, ಚುನಾವಣೆಯಲ್ಲಿ ಪ್ರಜೆಯು ನೀಡುವ ಸಮ್ಮತಿಯನ್ನೂ ಸೂಚಿಸುವುದು. ಇವೆರಡೂ ಒಂದೇ ಎಂದು ಬಗೆಯುವವರು ಕೆಲವರು. ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನುವವರು ಮತ್ತೆ ಕೆಲವರು. ನಮ್ಮ ನಾಡಿನ ಕ್ರೈಸ್ತರ ಉದಾಹರಣೆಯಿಂದ ಈ ವಿಷಯವನ್ನು ವಿಚಾರಿಸೋಣ.

ಮೊದಲು ಈ ಹಕ್ಕಿನ ಬೆಲೆಯನ್ನು ನೆನೆಯಬೇಕು. ಮಾಗಡಿ ಸೀಮೆಯ ಸಾವನದುರ್ಗವನ್ನು ಕಂಡವರು ಆ ಹೆಬ್ಬಂಡೆಗೆ ಬೆರಗಾಗದೆ ಇರಲಾರರು. 1791ನೆಯ ಡಿಸೆಂಬರ್ 21ರಂದು ಕಾರನ್‌ವಾಲೀಸನ ಸೈನ್ಯವು ಫಿರಂಗಿಗಳಿಂದ ಕೋಟೆಯ ಗೋಡೆಯನ್ನೊಡೆದು, ದುರ್ಗವನ್ನು ಟಿಪ್ಪುವಿನ ದಂಡಿನಿಂದ ಕಿತ್ತುಕೊಂಡಿತು. ದೊರೆತನವು ಕೈಬದಲಾಗುವಾಗ ಬೆಟ್ಟದ ಬುಡದ ರೈತನನ್ನು ಕೇಳುವವರು ಯಾರೂ ಇರಲಿಲ್ಲ. 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾದಾಗಲೂ ಭೂಮಿಯುಳ್ಳವರಿಗೂ ವರ್ತಕರಿಗೂ ಅಲ್ಲಿ ಪೀಠ ದೊರೆಯಿತೇ ಹೊರತು ಕೂಲಿಯವನಿಗೆ ದೊರೆಯಲಿಲ್ಲ. ಪ್ರಾಯಕ್ಕೆ ಬಂದ ಧಣಿಗೂ ಆಳಿಗೂ, ಗಂಡಸಿಗೂ ಹೆಂಗಸಿಗೂ ಒಂದೊಂದೇ ಮತವೆಂಬ ಸಮತೆಯು 1951-52ರ ಮಹಾಚುನಾವಣೆಯಲ್ಲಿ ಕೈಗೂಡಿತು. ಮನುಷ್ಯರೆಲ್ಲರೂ ದೇವರ ಸ್ವರೂಪದಲ್ಲಿ ಸೃಷ್ಟರಾದವರೆಂದು ನಂಬುವ ಕ್ರೈಸ್ತನಿಗೆ ಈ ಸಮತೆಯು ತನ್ನ ವಿಶ್ವಾಸದ ಮಾತೇ ಆಗಿದೆ.

ಅದಕ್ಕೆ ಮೊದಲು ಬ್ರಿಟಿಷ್ ಪ್ರಾಂತಗಳಲ್ಲಿ ಬೇರೆ ಏರ್ಪಾಡಿತ್ತು. 1935ರ ಶಾಸನದಂತೆ, ಮಂಗಳೂರು ಸೇರಿದ್ದ ಮದರಾಸು ಪ್ರಾಂತದ ವಿಧಾನಸಭೆಯಲ್ಲಿ ಭಾರತೀಯ ಕ್ರೈಸ್ತರಿಗೆ 8 ಸ್ಥಾನಗಳನ್ನು ಪ್ರತ್ಯೇಕವಾಗಿಟ್ಟಿದ್ದರು. ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ಕೈಬಿಡುವ ನಿರ್ಣಯವು 1949ರ ಮೇ ತಿಂಗಳಲ್ಲಿ ಬಂದಾಗ, ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಪಾದ್ರಿ ಜೆರೋಮ್ ಡಿಸೋಜರು ಅದನ್ನು ಬೆಂಬಲಿಸಿದರು. ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಎಚ್. ಸಿ. ಮುಖರ್ಜಿಯವರೂ ಕ್ರೈಸ್ತರೇ. ಅಲ್ಪಸಂಖ್ಯಾತರು ಗೋಡೆಯನ್ನು ನೆಚ್ಚದೆ ನೆರೆಹೊರೆಯವರನ್ನು ನೆಚ್ಚಿದರು. ಇದು ಸಾಮಾನ್ಯ ತ್ಯಾಗವಲ್ಲ.

ಆದರೆ ನೆಚ್ಚಿದವರಿಗೆಲ್ಲ ನ್ಯಾಯ ದೊರೆಯಿತೆನ್ನಲಾಗದು. 1950ರ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸೌಲಭ್ಯಗಳನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಲಾಯಿತು. ದಲಿತ ಕುಲದಿಂದ ಬಂದ ಕ್ರೈಸ್ತನು ಮಾತ್ರ ಹೊರಗುಳಿದನು. ಇಗರ್ಜಿಯ ಬಾಗಿಲನ್ನು ಹೊಕ್ಕ ಮಾತ್ರಕ್ಕೆ ಊರು ಅವನ ಜಾತಿಯನ್ನು ಮರೆಯುವುದೇ? ಇಗರ್ಜಿಯ ಒಳಗೇ ಆ ಭೇದವನ್ನು ಉಳಿಸಿಕೊಂಡವರೂ ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಹಾಗಾದರೆ ವಿಶ್ವಾಸಿಯು ಮತಪೆಟ್ಟಿಗೆಯ ಬಳಿ ಏನನ್ನು ನೆನೆಯಬೇಕು? ಸ್ವತಂತ್ರವಾಗಿ ಮತ ನೀಡುವುದು ಪೌರರ ಹಕ್ಕೂ ಕರ್ತವ್ಯವೂ ಆಗಿದೆ, ಸರ್ವಹಿತವೇ ಅದರ ಗುರಿಯೆಂದು ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಬೋಧಿಸಿತು. ಅಭ್ಯರ್ಥಿಯು ನಮ್ಮವನೇ ಎಂಬುದು ಇಲ್ಲಿ ಮುಖ್ಯವಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರ್ಯದವನು ಅವನ ಕುಲವನ್ನು ಕೇಳಲಿಲ್ಲವಷ್ಟೆ. ನಮ್ಮ ಕಾಯಿದೆಯೂ ಇದಕ್ಕೆ ಹೊಂದಿಕೊಂಡಿದೆ: ಅಭ್ಯರ್ಥಿಯ ಅಥವಾ ಮತದಾರನ ಧರ್ಮವನ್ನು ಮುಂದಿಟ್ಟು ಮತ ಯಾಚಿಸುವುದು ಭ್ರಷ್ಟಾಚಾರವೆಂದು ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತೀರ್ಪಿತ್ತಿತು.

ಆದುದರಿಂದ ಯಾವ ಧರ್ಮದ ಗೃಹಸ್ಥರೇ ಆಗಲಿ, ಚುನಾವಣೆಯ ಮುನ್ನಾದಿನ ಮನೆಯವರೊಡನೆ ಕುಳಿತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು: ಇವನು ಗೆದ್ದರೆ ನಮ್ಮ ಊರಿನ ಅತ್ಯಂತ ಬಡವನಿಗೆ ಏನಾಗುವುದು? ಬಳಿಕ ಮನೆಯ ಹೆಂಗಸರೂ, 18 ತುಂಬಿದ ಮಕ್ಕಳೂ ತಮ್ಮ ತಮ್ಮ ಮನಸ್ಸಾಕ್ಷಿಯಂತೆ ಮತ ನೀಡಲಿ. ಧರ್ಮವೆಂಬ ಮತವು ಚುನಾವಣೆಯ ಮತಕ್ಕೆ ದೀಪವಾಗಲಿ, ಅಪ್ಪಣೆಯಾಗದಿರಲಿ.